ಮಲ್ಕಪ್ಪ ಕಟ್ಟಿದ ಗೋಡೆ

ನನ್ನ ಬಾಯಿ ನನ್ನ ಹಿಡಿತದಲ್ಲಿಲ್ಲ. ಶಹಾಪುರದ ಆಚೆ, ಭೀಮೆಯ ದಂಡೆಯ ಸುಣ್ಣದ ಭಟ್ಟಿಯ ಮುಂದೆ ನಿಂತು ಮೊದಲ ದಿನವೇ ಅದನ್ನು ಸಾಬೀತು ಮಾಡಿದೆ.

ನನ್ನ ಸಂಶೋಧನೆಗೆ ಎರಡು ಭಾಗ. ಭಟ್ಟಿಗೆ ಗಾಳಿ ಬಿಡುವ ರೀತಿ ಬದಲಿಸಿ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವುದು ಒಂದು. ಸುಣ್ಣದ ಗೋಡೆಗಳು ಎಷ್ಟು ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುತ್ತವೆ ಎಂದು ನೋಡುವುದು ಇನ್ನೊಂದು. ಎರಡಕ್ಕೂ ಬೇಕಾದವಳು ಶೇಖಮ್ಮ. ವಯಸ್ಸು ಅರವತ್ತು ದಾಟಿದೆ, ಆ ಊರಲ್ಲಿ ಇನ್ನೂ ಭಟ್ಟಿ ಹಚ್ಚುವವಳು ಅವಳೊಬ್ಬಳೇ. ಗಂಡ ಮಲ್ಕಪ್ಪ ತೀರಿಕೊಂಡು ಹನ್ನೊಂದು ವರ್ಷ.

ಚಹಾ ಕೊಟ್ಟು ಕೂರಿಸಿದವಳಿಗೆ ನಾನು ಪಾಠ ಒಪ್ಪಿಸಿದೆ. "ಹತ್ತು ಕಿಲೋ ಕಲ್ಲು ಸುಟ್ರ ನಾಕು ಕಿಲೋಕ್ಕಿಂತ ಹೆಚ್ಚು ಗಾಳಿಯಾಗಿ ಮ್ಯಾಲ ಹೋಗ್ತದರಿ ಆಯಿ. ಭೂಮಿ ಬಿಸಿ ಆಗೂದು ಅದರಿಂದನ."

ಅವಳು ಕಪ್ಪು ಕೆಳಗಿಟ್ಟಳು.

"ಅಂದ್ರ ನನ್ನ ಗಂಡ ಜಲ್ಮಪೂರ್ತಿ ಮಂದಿಗಿ ವಿಷಾ ಉಣಿಸ್ಯಾನಂತೀಯೇನು?"

"ಹಂಗಲ್ರಿ. ಸುಣ್ಣ ಅದನ್ನ ತಿರುಗಿ ಕುಡೀತದ ಅಂತಾರ. ನಿಮ್ಮ ಗ್ವಾಡಿ ಒಡದು ನೋಡಿದ್ರ ಗೊತ್ತಾಗ್ತದ."

"ಇಪ್ಪತ್ತಾರು ವರ್ಷದ ಹಿಂದ ಅಂವಾ ಕೈಯಾರೆ ಕಟ್ಟಿದ ಗ್ವಾಡಿ ಅದು. ಎದ್ದು ನಡಿ."

ನಡೆದೆ. ನನಗೂ ಸಿಟ್ಟು ಬಂದಿತ್ತು, ಆದರೆ ತಪ್ಪು ನನ್ನದೇ ಎಂದು ಬಸ್ಸಿನಲ್ಲಿ ಒಪ್ಪಿಕೊಂಡೆ. ಎಂಟು ದಿನದ ಮೇಲೆ ಅವಳದೇ ಫೋನು ಬಂತು. "ನಿದ್ದಿ ಹತ್ತವಲ್ದು. ಬಂದು ನೋಡಿ ಹೋಗು. ಖರೇ ಏನದ ಅದನ್ನ ಹೇಳು, ನನ್ನ ಮಾರಿ ನೋಡಿ ಸುಳ್ಳು ಹೇಳಬ್ಯಾಡ."

ಹೋಗುವ ದಿನ ಕಾಲೇಜಿನಿಂದ ತಂದ ಪರೀಕ್ಷೆಯ ದ್ರಾವಣ ಯಾದಗಿರಿ ದಾಟುವುದರೊಳಗೆ ಬ್ಯಾಗಿನಲ್ಲೇ ಚೆಲ್ಲಿಹೋಗಿತ್ತು. ಗಾಳಿ ಕುಡಿಯದ ಸುಣ್ಣದ ಮೇಲೆ ಹಾಕಿದರೆ ಬಣ್ಣ ಏರುವ, ಕುಡಿದು ಕಲ್ಲಾದ ಸುಣ್ಣದ ಮೇಲೆ ಏರದ ದ್ರಾವಣ ಅದು. ಇದನ್ನು ಹೇಳಿ ತಲೆ ಚಚ್ಚಿಕೊಂಡರೆ ಶೇಖಮ್ಮ ಅಡುಗೆಮನೆಗೆ ಹೋಗಿ ಬಟ್ಟಲಲ್ಲಿ ಅರಿಷಿಣ ಕಲಸಿ ತಂದಳು.

"ಆರತಿ ನೀರು ಮಾಡಿಲ್ಲೇನು ನೀನು? ಹೊಸ ಸುಣ್ಣ ಬಿದ್ರ ಕೆಂಪ ಆಗ್ತದ. ಹಳೀದು ಎಷ್ಟು ಹಾಕಿದ್ರೂ ಆಗಂಗಿಲ್ಲ."

ಆರು ವರ್ಷ ರಸಾಯನಶಾಸ್ತ್ರ ಓದಿದ ನಾನು ಬಟ್ಟಲಿಗೆ ಕೈ ಚಾಚಿದೆ.

ಗೋಡೆಯ ಮೇಲೆ ಒಂದು ಚಮಚ ಹನಿಸಿದೆ. ಅದು ಕ್ಷಣದಲ್ಲಿ ಕೆಂಪಾಯಿತು. ಇನ್ನೊಂದು ಕಡೆ ಹನಿಸಿದೆ, ಅಲ್ಲೂ ಕೆಂಪು. ಗಾಳಿಗೆ ತೆರೆದಿದ್ದ ಮೇಲ್ಮೈಯೇ ಇಪ್ಪತ್ತಾರು ವರ್ಷದಲ್ಲಿ ಏನೂ ಕುಡಿದಿಲ್ಲವೆಂದರೆ ಒಳಗೆ ಕುಡಿದಿರುವ ಮಾತೇ ಇಲ್ಲ.

"ಕುಡದಿಲ್ಲೇನು?"

ಸುಳ್ಳು ಹೇಳಬೇಡ ಅಂದಿದ್ದಳು. "ಇಲ್ರಿ ಆಯಿ," ಅಂದೆ.

ಅವಳು ಗೋಡೆಗೆ ಬೆನ್ನು ಹಚ್ಚಿ ಮೆಲ್ಲಗೆ ಕುಸಿದು ಕೂತಳು. ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಆಗ ಅವಳ ಉಗುರಿನ ಸಂದಿಯ ಬಿಳುಪು ನನ್ನ ಕಣ್ಣಿಗೆ ಬಿತ್ತು.

"ಆಯಿ, ಈ ಗ್ವಾಡಿಗಿ ಸುಣ್ಣ ಯಾವಾಗ ಬಳದೀರಿ?"

"ನಿನ್ನಿ ಸಂಜಿಗಿ. ನೀ ಬರಾಕಿ ಇದ್ದೆಲ್ಲ? ಮನಿಗಿ ಬಂದವ್ರು ಹೊಲಸ ಗ್ವಾಡಿ ನೋಡಬೇಕೇನು?"

ನನಗೆ ನಗು ತಡೆಯಲಾಗಲಿಲ್ಲ. ನನ್ನ ಮರ್ಯಾದೆಗೆಂದು ಬಳಿದ ಸುಣ್ಣ ಇಬ್ಬರ ಜೀವವನ್ನೂ ಬಾಯಿಗೆ ತಂದಿತ್ತು. ಕೆಂಪಾದದ್ದು ನಿನ್ನೆಯ ಸುಣ್ಣ, ಒಳಗಿನದನ್ನು ಇನ್ನೂ ನೋಡಿಯೇ ಇಲ್ಲ ಎಂದು ಹೇಳಿದೆ. ಮಾತು ಮುಗಿಯುವುದರೊಳಗೆ ಅವಳು ಉಳಿ, ಸುತ್ತಿಗೆ ತಂದಿದ್ದಳು. ನಾನು ಕೈ ಚಾಚಿದರೆ ಕೊಡಲಿಲ್ಲ. ತಾನೇ ಎರಡು ಕಲ್ಲುಗಳ ನಡುವಿನ ಗಾರೆಯನ್ನು ನಾಲ್ಕು ಬೆರಳು ಆಳಕ್ಕೆ ಕಡಿದು, ಮುರಿಯದಂತೆ ಒಂದು ತುಂಡು ಎಬ್ಬಿಸಿದಳು.

ತುಂಡನ್ನು ಅಡ್ಡ ಸೀಳಿ ಅರಿಷಿಣದ ನೀರು ಸುರಿದೆ. ನಿನ್ನೆ ಬಳಿದ ತೆಳು ಪದರ ಬಿಟ್ಟರೆ, ಹೊರಗಿನಿಂದ ಎರಡು ಬೆರಳಿನಷ್ಟು ಆಳ ಹಳದಿಯಾಗಿಯೇ ಉಳಿಯಿತು. ಅಲ್ಲಿಂದ ಒಳಕ್ಕೆ ಕುಂಕುಮದಂಥ ಕೆಂಪು.

ಸುಣ್ಣ ಗಾಳಿ ಕುಡಿದು ಕಲ್ಲಾಗುವ ಸಮೀಕರಣವನ್ನು ಹೈಸ್ಕೂಲಿನಿಂದ ಬರೆದು ಬರೆದು ಅಂಕ ಪಡೆದಿದ್ದೇನೆ. ಆದರೂ ಕಣ್ಣಾರೆ ಕಂಡದ್ದು ಇದೇ ಮೊದಲು. ಬೆಂಕಿಯಲ್ಲಿ ಕಲ್ಲು ಬಿಟ್ಟುಕೊಟ್ಟದ್ದನ್ನು ಈ ಗೋಡೆ ಗಾಳಿಯಿಂದ ಚೂರು ಚೂರೇ ಹೆಕ್ಕಿ ತಂದು ಮತ್ತೆ ಕಲ್ಲು ಮಾಡಿತ್ತು. ಯಂತ್ರವಿಲ್ಲ, ಕರೆಂಟಿಲ್ಲ, ಯಾರ ಅಪ್ಪಣೆಯೂ ಇಲ್ಲ. ಈ ಮನೆಯವರು ಉಣ್ಣುವಾಗ, ಜಗಳಾಡುವಾಗ, ಸತ್ತವನನ್ನು ಹೊತ್ತುಕೊಂಡು ಹೋಗುವಾಗಲೂ ಅದು ನಡೆದೇ ಇತ್ತು. ನನಗೆ ಕೈ ಮುಗಿಯಬೇಕೆನಿಸಿತು, ನಾಚಿಕೆಯಾಗಿ ಬಿಟ್ಟೆ.

"ಕಲ್ಲಿಂದ ಹೋಗಿದ್ದು ತಿರುಗಿ ಬರಾಕತ್ತದರಿ," ಅಂದೆ. "ಕಟಗಿ ಸುಟ್ಟ ಹೊಗಿ ಮಾತ್ರ ಬಂದಿಲ್ಲ. ಅದರ ಲೆಕ್ಕ ಬ್ಯಾರೆ."

"ಅದನ್ನ ನೀ ನೋಡಕೋ. ನಾಳಿಂದ ಭಟ್ಟಿ ನಿನ್ನ ಕೈಯಾಗ ಕೊಡ್ತೀನಿ." ಅವಳ ಕಣ್ಣು ತುಂಡಿನ ಮೇಲೆಯೇ ಇತ್ತು. "ಈ ಕೆಂಪ ಅದಲ್ಲ, ಇದೇನು?"

"ಅಷ್ಟು ಇನ್ನೂ ಕುಡಿಯೂದದರಿ. ಗಾಳಿ ಅಲ್ಲಿತನ ಮುಟ್ಟಿಲ್ಲ."

ಅವಳು ತುಂಡನ್ನು ನನ್ನಿಂದ ತೆಗೆದುಕೊಂಡು ಆ ಕೆಂಪಿನ ಮೇಲೆ ಬೆರಳಾಡಿಸಿದಳು. ನಾನು ರಂಧ್ರ ಮುಚ್ಚಲು ಒಂದು ಹಿಡಿ ಸುಣ್ಣ ಕಲಸತೊಡಗಿದೆ. ಅವಳು ಬಂದು ನನ್ನ ಮಣಿಕಟ್ಟು ಹಿಡಿದಳು.

"ಮುಚ್ಚಬ್ಯಾಡವ್ವಾ. ಅಂವಾ ಇನ್ನೂ ದುಡ್ಯಾಕತ್ತಾನ. ಗಾಳಿ ಬರ್ಲಿ."