ಇಸ್ತ್ರಿಗೆ ಸಿಗದ ತಲೆ

ನಮ್ಮ ಮನೆಯಲ್ಲಿ ಸುಕ್ಕು ಕಂಡರೆ ಯಾರಿಗೂ ಆಗುವುದಿಲ್ಲ. ಅಪ್ಪ ಶುರು ಮಾಡಿದ ಲಾಂಡ್ರಿ, ಅಪ್ಪ ಹೋದಮೇಲೆ ಅಮ್ಮ ಹಲ್ಲುಕಚ್ಚಿ ನಡೆಸಿದ ಲಾಂಡ್ರಿ, ಈಗ ಹೆಸರಿಗೆ ಅಣ್ಣನದು. ಹಾಸಿಗೆಯ ಮೇಲುಹೊದಿಕೆಯಲ್ಲಿ ಒಂದು ಮಡಿಕೆ ಕಂಡರೂ ಅಮ್ಮನ ಅಂಗೈ ತಾನಾಗಿ ಅದರ ಮೇಲೆ ಹರಿದಾಡುತ್ತದೆ. ಪಕ್ಕದ ಮನೆಯವರು ಹಿಂಡಿದ ಬಟ್ಟೆಯನ್ನು ಕೊಡವದೆ ಒಣಹಾಕಿದರೆ ಅವಳಿಗೆ ಅವತ್ತು ಊಟ ಸೇರುವುದಿಲ್ಲ. ಇಷ್ಟೇ ಆಗಿದ್ದರೆ ನನ್ನ ತಕರಾರೇನೂ ಇರಲಿಲ್ಲ. ಆದರೆ ನಮ್ಮಲ್ಲಿ ಹೆಂಗಸರ ತಲೆಗೂದಲಿಗೂ ಇಸ್ತ್ರಿ ಹಾಕುವ ಪದ್ಧತಿ ಇತ್ತು.

ತಮಾಷೆಗೆ ಹೇಳುತ್ತಿಲ್ಲ. ಫೋಟೋ ತೆಗೆಸುವುದಿರಲಿ, ಯಾರದೋ ಮದುವೆಗೆ ಹೋಗುವುದಿರಲಿ, ಮೊದಲು ಅಂಗಡಿಯ ಇಸ್ತ್ರಿ ಮೇಜಿನ ಹತ್ತಿರ ಸ್ಟೂಲು ಎಳೆದುಕೊಂಡು ಕೂರಬೇಕು. ಕೆನ್ನೆಯನ್ನು ಮೇಜಿಗೆ ಒತ್ತಿ ತಲೆ ಇಡಬೇಕು. ಅಮ್ಮ ಕೂದಲನ್ನು ಹರಡಿ, ಮೇಲೊಂದು ತೆಳು ಒದ್ದೆಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಎಳೆಯುತ್ತಾಳೆ. ಸುರ್ರೆನ್ನುವ ಸದ್ದು ಕಿವಿಯ ಬುಡದಲ್ಲೇ ಕೇಳುತ್ತದೆ. ಅಲ್ಲಾಡಿದರೆ ಸುಡುತ್ತದೆ ಎಂದು ಹೇಳುತ್ತಿರುತ್ತಾಳೆ. ಅಲ್ಲಾಡದಿದ್ದರೂ ಸುಟ್ಟದ್ದಿದೆ, ನನ್ನ ಎಡಗಿವಿಯ ಅಂಚು ಅದಕ್ಕೆ ಸಾಕ್ಷಿ. ಲೋಕದ ಬಟ್ಟೆಯನ್ನೆಲ್ಲ ನೆಟ್ಟಗೆ ಮಾಡುವವರ ಮನೆಯ ಹೆಣ್ಣುಮಕ್ಕಳು ಕೆದರಿದ ತಲೆಯಲ್ಲಿ ನಿಂತರೆ ಯಾರು ಬಟ್ಟೆ ಕೊಡುತ್ತಾರೆ ಎನ್ನುವುದು ಅವಳ ವಾದ. ಅಣ್ಣನ ತಲೆಯನ್ನು ಮಾತ್ರ ಯಾರೂ ಮೇಜಿನ ಮೇಲೆ ಇಡಿಸಲಿಲ್ಲ. ಗಂಡಸರ ತಲೆ ಹೇಗಿದ್ದರೂ ವ್ಯಾಪಾರ ನಡೆಯುತ್ತದೆ ಎಂದು ಕಾಣುತ್ತದೆ.

ಹುಟ್ಟುವಾಗ ನನ್ನದು ಗುಂಗುರು ಕೂದಲು. ಅದಕ್ಕೇ ಮನೆಯಲ್ಲಿ ಗುಂಗ್ರಿ ಎಂದು ಹೆಸರು ಬಿತ್ತು. ಹೆಸರು ಉಳಿಯಿತು, ಗುಂಗುರು ಹೋಯಿತು. ವರ್ಷಗಟ್ಟಲೆ ಕಾವು ತಿಂದ ಕೂದಲು ಸೊಂಟದವರೆಗೆ ಪೊರಕೆಯ ಹಾಗೆ ಇಳಿಬಿದ್ದಿದೆ. ಅತ್ತಿಗೆಯದೂ ಅದೇ ಕಥೆ. ಮದುವೆಯಾಗಿ ಬಂದ ವಾರದಲ್ಲೇ ಮೇಜಿಗೆ ತಲೆ ಕೊಟ್ಟವಳು. ಅದರ ಬಗ್ಗೆ ಅವಳು ಒಂದು ಮಾತು ಆಡಿದ್ದನ್ನೂ ನಾನು ಕೇಳಿರಲಿಲ್ಲ. ಬಟ್ಟೆಗೆ ಚೀಟಿ ಚುಚ್ಚುವ ಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡೇ ಇರುತ್ತಾಳೆ, ಮಾತಾಡದಿರಲು ಅದೊಂದು ನೆಪ.

ಹೋದ ತಿಂಗಳು ತಲೆ ಬಾಚುವಾಗ ಒಂದು ಹಿಡಿ ಕೂದಲು ಬಾಚಣಿಗೆಯಲ್ಲೇ ಬಂತು. ಉದುರಿದ್ದಲ್ಲ, ನಡುವೆ ಮುರಿದದ್ದು. ಅದನ್ನು ಕೈಯಲ್ಲಿ ಹಿಡಿದುಕೊಂಡಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇನ್ನು ನನ್ನ ತಲೆಗೆ ಕಾವು ಮುಟ್ಟಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಸುಮ್ಮನೆ ಬಿಡುವುದೂ ಇಲ್ಲ, ಕಳೆದುಕೊಂಡ ಗುಂಗುರನ್ನು ವಾಪಸು ತರುತ್ತೇನೆ ಎಂದುಕೊಂಡೆ.

ಪೇಟೆಯ ಫ್ಯಾನ್ಸಿ ಅಂಗಡಿಯವಳು ಕಾವಿಲ್ಲದ ರೋಲರ್ ತೋರಿಸಿದಳು. ಸ್ಪಂಜು ತುಂಬಿದ ಉದ್ದನೆಯ ಮೆತ್ತನೆ ಕೋಲು, ಮೇಲೆ ನುಣುಪು ಬಟ್ಟೆ. ಕೂದಲು ಅರೆಬರೆ ಒಣಗಿರುವಾಗ ಅದನ್ನು ನೆತ್ತಿಯ ಮೇಲೆ ಅಡ್ಡಕ್ಕೆ ಕೂರಿಸಬೇಕು. ಆಮೇಲೆ ಎರಡೂ ಕಡೆ ಎಳೆ ಎಳೆಯಾಗಿ ಸುತ್ತುತ್ತಾ ಕೆಳಗಿಳಿದು, ತುದಿಗೆ ರಬ್ಬರ್ ಬ್ಯಾಂಡು ಹಾಕಬೇಕು. ಪೂರ್ತಿ ಒಣಗುವವರೆಗೆ ಬಿಚ್ಚಬಾರದು. ಆತುರಪಟ್ಟು ಬಿಚ್ಚಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಮೊದಲ ಸಲ ನಾನು ಆತುರಪಟ್ಟೆ. ಎರಡನೇ ಸಲ ರಾತ್ರಿಯೆಲ್ಲ ಹಾಗೆಯೇ ಮಲಗಿ, ಬೆಳಿಗ್ಗೆ ಬಿಚ್ಚಿ ಕನ್ನಡಿಯ ಮುಂದೆ ನಿಂತೆ. ಕೂದಲು ಭುಜದಿಂದ ಸೊಂಟದವರೆಗೆ ಸುರುಳಿ ಸುರುಳಿಯಾಗಿ ಇಳಿದಿತ್ತು. ಕನ್ನಡಿಯಲ್ಲಿ ನಾನೇ ಇದ್ದೆ. ನನಗೆ ಅಳು ಬಂತು, ಅದನ್ನು ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಅಮ್ಮನಿಗೆ ಬಂದದ್ದು ಬೇರೆ. ನಾಯಿ ಬಾಲಕ್ಕೆ ಎಷ್ಟು ದಬ್ಬೆ ಕಟ್ಟಿದರೂ ಅಷ್ಟೇ ಎಂದು ಗೋಡೆಗೆ ಹೇಳಿದಳು. ಅವಳು ಗೋಡೆಗೆ ಹೇಳಿದ್ದೆಲ್ಲ ನನಗೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಗುಂಗುರೂ ಅವತ್ತು ಹೆಚ್ಚು ಹೊತ್ತು ಬಾಳಲಿಲ್ಲ. ನನ್ನ ಕೆಲಸ ಹಿಂದಿನ ಕೋಣೆಯ ಹಬೆ ಇಸ್ತ್ರಿಯಲ್ಲಿ. ಅಲ್ಲಿಗೆ ಹೋದರೆ ಗೋಡೆಯೇ ಬೆವರುತ್ತದೆ, ಇನ್ನು ಕೂದಲು ಯಾವ ಲೆಕ್ಕ? ಮಧ್ಯಾಹ್ನಕ್ಕೆ ಮತ್ತೆ ಪೊರಕೆ. ಅಮ್ಮ ಅದನ್ನು ನೋಡಿ ನಕ್ಕಳು.

ಹೀಗಿರುವಾಗ ಅಣ್ಣ ಅಂಗಡಿಗೆ ಹೊಸದಾಗಿ ಬಣ್ಣ ಹೊಡೆಸಿದ. ಕೌಂಟರಿನ ಮೇಲ್ಗಡೆ ಗೋಡೆಗೆ ಮನೆಯವರೆಲ್ಲರ ದೊಡ್ಡ ಫೋಟೋ ಹಾಕಿಸುತ್ತೇನೆ, ಭಾನುವಾರ ಫೋಟೋದವನು ಬರುತ್ತಾನೆ ಎಂದ. ಅಮ್ಮ ತಕ್ಷಣ ನನ್ನ ಕಡೆಗೂ ಅತ್ತಿಗೆಯ ಕಡೆಗೂ ನೋಡಿ, ಬೆಳಿಗ್ಗೆ ಪೆಟ್ಟಿಗೆ ಕಾಯಿಸಿ ಇಟ್ಟಿರುತ್ತೇನೆ ಎಂದಳು.

"ನನ್ನ ತಲೆ ಇನ್ಮೇಲೆ ಮೇಜಿಗೆ ಬರಲ್ಲಮ್ಮ," ಎಂದೆ.

"ಹಾಗಿದ್ರೆ ಫೋಟೋಗೂ ಬರ್ಬೇಡ," ಎಂದ ಅಣ್ಣ. ಅಮ್ಮ ಅವನ ಮಾತನ್ನು ತಿದ್ದಲಿಲ್ಲ.

ಅವತ್ತು ನಾನು ಸರಿಯಾಗಿ ಊಟ ಮಾಡಲಿಲ್ಲ. ಓದು ಬಿಟ್ಟಾಗಿನಿಂದ ಆ ಹಬೆಯಲ್ಲಿ ಬೆಂದವಳು ನಾನು. ಅಂಗಡಿಗೆ ಬರುವವರಲ್ಲಿ ಅರ್ಧ ಜನ ನನ್ನ ಮುಖವನ್ನೇ ಕಂಡಿಲ್ಲ, ನಾನು ಹಾಕಿದ ಇಸ್ತ್ರಿಯನ್ನು ಮಾತ್ರ ಮೈಮೇಲೆ ಹೊತ್ತು ತಿರುಗುತ್ತಾರೆ. ಗೋಡೆಯ ಮೇಲಾದರೂ ನಾನು ಇರಬೇಕಿತ್ತು, ಅದೂ ನನ್ನ ತಲೆಯಲ್ಲೇ ಇರಬೇಕಿತ್ತು. ಎರಡರಲ್ಲಿ ಒಂದನ್ನೂ ಬಿಟ್ಟುಕೊಡುವುದಿಲ್ಲ ಎಂದು ನಾನೂ ಗೋಡೆಗೆ ಹೇಳಿದೆ, ಅಮ್ಮನಿಗೆ ಕೇಳಿಸುವ ಹಾಗೆ.

ಶನಿವಾರ ಸಂಜೆ ತಲೆಗೆ ಸ್ನಾನ ಮಾಡಿ ರೋಲರ್ ಸುತ್ತಿದೆ. ಭಾನುವಾರ ಬೆಳಿಗ್ಗೆ ಕೂದಲು ಹದವಾಗಿ ಒಣಗಿತ್ತು. ಫೋಟೋದವನು ಬರುವ ಹೊತ್ತಿಗೆ ಬಿಚ್ಚಿದರಾಯಿತು ಎಂದು ಹಾಗೆಯೇ ಅಂಗಡಿಗೆ ಹೋದೆ. ಕೆಲಸ ಕೆಡುವುದಿದ್ದರೆ ಅಂಥ ದಿನವೇ ಕೆಡುತ್ತದೆ. ನಮ್ಮಲ್ಲಿಗೆ ಬಟ್ಟೆ ಹಾಕುವ ಹೋಟೆಲಿನ ಮ್ಯಾನೇಜರು ಫೋನು ಮಾಡಿ, ಮಧ್ಯಾಹ್ನ ಒಂದು ದೊಡ್ಡ ಪಾರ್ಟಿ ಇದೆ, ಮೇಜಿನ ಬಟ್ಟೆಗಳು ಈಗಲೇ ಬೇಕು ಎಂದು ಕೂತರು. ಅವುಗಳ ಅಂಚು ಹಿಡಿಯುವುದು, ಅಂದರೆ ನಾಲ್ಕೂ ಬದಿ ಸೊಟ್ಟಗಾಗದ ಹಾಗೆ ಇಸ್ತ್ರಿ ಹಾಕುವುದು, ನನಗೊಬ್ಬಳಿಗೇ ಬರುವುದು. ಅಣ್ಣ ನನ್ನ ಮುಖ ನೋಡಿದ. ಕೇಳುವುದಕ್ಕೆ ಮಾತ್ರ ಅವನಿಗೆ ಮಾನ ಅಡ್ಡ ಬಂತು.

ಕೆಲಸಕ್ಕೆ ನಾನು ಯಾವತ್ತೂ ಇಲ್ಲ ಅಂದವಳಲ್ಲ. ಕೋಟು ಮುಚ್ಚುವ ಪ್ಲಾಸ್ಟಿಕ್ ಹಾಳೆಯನ್ನು ರೋಲರ್ ಸಮೇತ ತಲೆಗೆ ಸುತ್ತಿಕೊಂಡು ಹಬೆಕೋಣೆಗೆ ನುಗ್ಗಿದೆ. ಹಬೆ ಬುದ್ಧಿವಂತ, ಸಂದಿ ಹುಡುಕಿಕೊಳ್ಳುತ್ತದೆ. ಕೊನೆಯ ಬಟ್ಟೆ ಮಡಿಸಿ ಹೊರಗೆ ಬಂದು ಪ್ಲಾಸ್ಟಿಕ್ ತೆಗೆದರೆ ಕೂದಲು ಹಸಿಹಸಿ. ಈಗ ಬಿಚ್ಚಿದರೆ ಎಲ್ಲ ಜೋತುಬೀಳುತ್ತದೆ. ಟೇಬಲ್ ಫ್ಯಾನನ್ನು ಕೌಂಟರಿನ ಮೇಲಿಟ್ಟು ಅದರ ಮುಂದೆ ತಲೆ ಹಿಡಿದು ಕೂತೆ.

ಕೋಟು ತೆಗೆದುಕೊಂಡು ಹೋಗಲು ಬಂದ ವಕೀಲರು ನನ್ನ ತಲೆಯನ್ನೇ ನೋಡುತ್ತಾ, ಮನೆಯಲ್ಲಿ ಪೈಪು ರಿಪೇರಿ ನಡೆಯುತ್ತಿದೆಯಾ ಎಂದು ಕೇಳಿದರು. ಹೌದು, ಬಹಳ ವರ್ಷದಿಂದ ಕಟ್ಟಿಕೊಂಡಿತ್ತು ಎಂದೆ. ಅಣ್ಣ ಕಿವಿಯವರೆಗೆ ಕೆಂಪಾದ. ಗಿರಾಕಿಗಳ ಎದುರು ಮರ್ಯಾದೆ ತೆಗೆಯುತ್ತಿದ್ದೀಯ, ಒಳಗೆ ಹೋಗು ಎಂದು ಹಲ್ಲಿನ ಸಂದಿಯಿಂದ ಹೇಳಿದ. ಒಳಗೆ ಹಬೆ ಇದೆ, ಹೋಗುವುದಿಲ್ಲ ಎಂದೆ.

ಅಷ್ಟರಲ್ಲಿ ಫೋಟೋದವನು ಬಂದೇಬಿಟ್ಟ. ಇನ್ನೊಂದು ಕಡೆ ಹೋಗಬೇಕು, ಬೇಗ ಆಗಲಿ ಎನ್ನುತ್ತಾ ಕ್ಯಾಮೆರಾ ನಿಲ್ಲಿಸಿದ. ಕೌಂಟರಿನ ಮುಂದೆ ಕುರ್ಚಿ ಹಾಕಿಸಿದರು. ಇಸ್ತ್ರಿ ಮೇಜಿನ ಮೇಲೆ ಅತ್ತಿಗೆ ಆಗಲೇ ತಲೆ ಇಟ್ಟಿದ್ದಳು. ಅಮ್ಮ ಅವಳ ಬಲಭಾಗದ ಕೂದಲನ್ನು ಮುಗಿಸಿ, ಎಡಭಾಗವನ್ನು ಹರಡಿಕೊಂಡಿದ್ದಳು. ಅಲ್ಲಿಂದಲೇ ನನ್ನನ್ನು ಕರೆದು, ಅದನ್ನು ಬಿಚ್ಚಿ ಬಾ, ಹಸಿ ಇದ್ದರೆ ಇನ್ನೂ ಒಳ್ಳೆಯದು, ಒಂದೇ ಎಳೆತಕ್ಕೆ ಕೂರುತ್ತದೆ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ಚೆಂದ ಮಾಡಲು ಹೊರಟ ತಾಯಿಯ ದನಿ ಅದು. ಬೈದಿದ್ದರೆ ಎದುರು ಬೈಯಬಹುದಿತ್ತು.

ನಾನು ಎದ್ದೆ. ಮೇಜಿನ ಕಡೆ ಹೋಗಲಿಲ್ಲ. ಮೂರು ಹೆಜ್ಜೆ ನಡೆದು, ಕ್ಯಾಮೆರಾದ ಎದುರು ನಡುವಿನ ಕುರ್ಚಿಯಲ್ಲಿ ರೋಲರ್ ಹೊತ್ತ ತಲೆಯಲ್ಲೇ ಕೂತೆ.

"ತೆಗೀರಿ," ಎಂದೆ.

ಫೋಟೋದವನು ಅಣ್ಣನ ಮುಖ ನೋಡಿದ. ಅಣ್ಣ ನನ್ನ ತೋಳಿಗೆ ಕೈ ಹಾಕಿ, ಎದ್ದೇಳು, ತಲೆಮೇಲೆ ಮೆಣಸು ಅರೆಯಬೇಡ ಎಂದ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಎಬ್ಬಿಸುವುದಾದರೆ ಕುರ್ಚಿ ಸಮೇತ ಎಬ್ಬಿಸಿಕೋ ಎಂದೆ. ಅವನಿಗೆ ಬೆನ್ನುನೋವು, ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಅಮ್ಮ ಬಂದಳು. ಗಾಬರಿಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡುವುದನ್ನೇ ಮರೆತು ಬಂದಿದ್ದಳು. ಪ್ಲಗ್ಗು ಕಿತ್ತು ಬಂದು ವೈರು ನೆಲದ ಮೇಲೆ ತೆವಳುತ್ತಿತ್ತು. ನನ್ನ ಪಕ್ಕ ನಿಂತು ಕೇಳಿದಳು:

"ನಿಂಗೆ ನಾನೇನು ಕಡಿಮೆ ಮಾಡಿದ್ದೆ?"

"ಪ್ರತೀ ಸಲ ಭಯ ಆಗ್ತಿತ್ತಮ್ಮ. ಚಿಕ್ಕೋಳಿದ್ದಾಗಿಂದ. ಹೇಳಿದ್ರೆ ಅಲ್ಲಾಡ್ಬೇಡ ಅಂತಿದ್ದೆ."

ಅಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮೇಜಿನ ಹತ್ತಿರ ಸ್ಟೂಲು ಸರಿದ ಸದ್ದಾಯಿತು. ಅತ್ತಿಗೆ ತಲೆ ಎತ್ತಿದ್ದಳು. ಬಲಗಡೆಯ ಕೂದಲು ಹಾಳೆಯ ಹಾಗೆ ಚಪ್ಪಟೆ, ಎಡಗಡೆಯದು ಕೆದರಿ ಅಲೆಅಲೆಯಾಗಿ ನಿಂತಿತ್ತು. ನೋಡಿದವರು ನಗಬೇಕು, ಹಾಗಿತ್ತು. ಅವಳು ಹಾಗೆಯೇ ನಡೆದುಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ತುಟಿಗಳ ನಡುವಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ನಂದೂ ಹೀಗೇ ಇರ್ಲಿ," ಎಂದಳು ಫೋಟೋದವನಿಗೆ. "ತೆಗೀರಿ."

ನೀನೂ ಶುರು ಮಾಡಿದೆಯಾ ಎಂದ ಅಣ್ಣ. ಅತ್ತಿಗೆ ಅವನ ಕಡೆ ತಿರುಗಲಿಲ್ಲ, ಕ್ಯಾಮೆರಾವನ್ನೇ ನೋಡುತ್ತಾ ಹೇಳಿದಳು: "ಇದು ಬೇಡ ಅಂದ್ರೆ ಇನ್ನೊಂದು ತೆಗೆಸೋಣ. ಅದಕ್ಕೆ ಮೊದಲು ನಿಮ್ಮ ತಲೆ ಮೇಜಿನ ಮೇಲೆ ಇಡಿ. ಆಮೇಲೆ ನಾವು."

ಫೋಟೋದವನಿಗೆ ಸಾಕಾಗಿತ್ತು. ಮನೆಮಂದಿಯ ಜಗಳ ತೀರುವವರೆಗೆ ಕಾಯುವಷ್ಟು ಪುರುಸೊತ್ತು ಯಾರಿಗಿದೆ? ಎಲ್ಲರೂ ಇತ್ತ ನೋಡಿ ಎಂದ. ಎಲ್ಲರೂ ನೋಡಿದರು, ಅಭ್ಯಾಸಬಲ. ಬೆಳಕು ಫಳಾರನೆ ಹೊಳೆಯಿತು. ಇನ್ನೆರಡು ಸಲ ಒತ್ತಿ, ಕ್ಯಾಮೆರಾ ಮಡಿಸಿಕೊಂಡು ಅವನು ಹೊರಟುಹೋದ.

ಸಂಜೆಗೆ ನನ್ನ ಕೂದಲು ಒಣಗಿತು. ಅಂಗಡಿಯ ಕನ್ನಡಿಯ ಮುಂದೆ ನಿಂತು ಬಿಚ್ಚಿದೆ. ಒಂದೊಂದು ಸುರುಳಿ ಜಾರಿ ಬೆನ್ನಿಗೆ ಬೀಳುವಾಗ ಆದ ಖುಷಿಗೆ ಅಣ್ಣನ ಮುನಿಸೂ ಅಡ್ಡ ಬರಲಿಲ್ಲ. ಹಾಗೆಯೇ ತಲೆ ಬಿಟ್ಟುಕೊಂಡು ರಸ್ತೆಯ ಆ ತುದಿಯವರೆಗೆ ನಡೆದುಹೋಗಿ ಬಂದೆ, ಯಾವ ಕೆಲಸವೂ ಇಲ್ಲದೆ. ಬಂದಾಗ ಅತ್ತಿಗೆ ರೋಲರನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡುತ್ತಿದ್ದಳು. ಇವತ್ತು ಇದು ನನಗಿರಲಿ ಎಂದಳು. ತಗೊಳ್ಳಿ ಅತ್ತಿಗೆ, ಬಿಗಿಯಾಗಿ ಸುತ್ತಬೇಡಿ, ನಿದ್ದೆ ಬರುವುದಿಲ್ಲ ಎಂದೆ.

ಆ ವಾರವೆಲ್ಲ ಅಮ್ಮ ನನ್ನ ಜೊತೆ ಮಾತಾಡಲಿಲ್ಲ. ಗೋಡೆಯ ಜೊತೆಯೂ ಮಾತಾಡಲಿಲ್ಲ.

ಫೋಟೋದವನು ಕಟ್ಟು ಹಾಕಿಸಿ ಕಳಿಸಿದ ಫೋಟೋವನ್ನು ಅಣ್ಣ ಸುತ್ತಿದ ಕಾಗದದ ಸಮೇತ ಹಬೆಕೋಣೆಯ ಮೂಲೆಗೆ ಒರಗಿಸಿಟ್ಟ. ಅವನು ಹೊರಗೆ ಹೋದಾಗ ನಾನೂ ಅತ್ತಿಗೆಯೂ ಅದನ್ನು ಹೊತ್ತು ತಂದೆವು. ಅವಳು ಸ್ಟೂಲು ಹಿಡಿದಳು, ನಾನು ಹತ್ತಿ ಮೊಳೆ ಹೊಡೆದೆ. ಕೌಂಟರಿನ ಮೇಲೆ, ಬರುವವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲೇ ತೂಗುಹಾಕಿದೆವು. ನಡುವೆ ನಾನು, ತಲೆಯ ಮೇಲೆ ಕೋಲು. ಪಕ್ಕದಲ್ಲಿ ಅರ್ಧ ಇಸ್ತ್ರಿಯಾದ ಅತ್ತಿಗೆ. ಹಿಂದೆ ಬಾಯಿ ತೆರೆದ ಅಣ್ಣ. ವಾಪಸು ಬಂದ ಅಣ್ಣ ಅದನ್ನು ನೋಡಿ ಇಳಿಸಲು ಕೈ ಎತ್ತಿದ. ಇಳಿಸಿದರೆ ನಾಳೆಯಿಂದ ಮೇಜಿನ ಬಟ್ಟೆಯ ಅಂಚನ್ನು ನೀನೇ ಹಿಡಿ ಎಂದೆ. ಅವನ ಕೈ ಕೆಳಗಿಳಿಯಿತು.

ಅಮ್ಮ ಒಳಗಿನಿಂದ ಬಂದವಳು ಫೋಟೋದ ಕೆಳಗೆ ನಿಂತಳು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ನಮ್ಮಿಬ್ಬರ ತಲೆಯ ಬಗ್ಗೆ ಏನಾದರೂ ಅಂದರೆ ಉತ್ತರ ಕೊಡಲು ನಾನು ತಯಾರಾಗಿ ನಿಂತಿದ್ದೆ. ಅವಳು ನೋಡುತ್ತಿದ್ದದ್ದು ನಮ್ಮ ತಲೆಯನ್ನಲ್ಲ.

"ನನ್ನ ಕೈಲಿ ಇಸ್ತ್ರಿಪೆಟ್ಟಿಗೆ ಯಾಕಿದೆ?" ಎಂದಳು.

"ಅದು ಯಾವಾಗ್ಲೂ ಇತ್ತಲ್ಲಮ್ಮ," ಎಂದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದಳು. ಫೋಟೋ ಇಳಿಸು ಎಂದು ಮಾತ್ರ ಹೇಳಲಿಲ್ಲ.