ಇಪ್ಪತ್ತಮೂರನೆಯ ಪೆಟ್ಟಿಗೆ

ಮರ್ವಿನ್‌ಗೆ ತಲೆ ಕೆಟ್ಟುಹೋಗಿತ್ತು. ನೀಲಿ ಉಣ್ಣೆ ಟೋಪಿಯನ್ನು ಜಗಲಿಯ ಮೊಳೆಗೆ ನೇತುಹಾಕಿದ್ದು ಕಣ್ಣಿಗೆ ಕಟ್ಟಿದಂತೆ ನೆನಪಿದೆ. ಬೆಳಿಗ್ಗೆ ನೋಡಿದರೆ ಮೊಳೆ ಇದೆ, ಟೋಪಿ ಇಲ್ಲ! ಹೋದ ವಾರ ಒಂದು ಕೈಗವಸೂ ಹೀಗೇ ಮಾಯವಾಗಿತ್ತು. ಭೂಮಿಯ ದಕ್ಷಿಣ ಭಾಗದ ಬೆಂಡಿಗೋದಲ್ಲಿ ಮೇ ಎಂದರೆ ಚಳಿ ಬೇರೆ.

"ಫ್ರಿಜ್ಜಲ್ಲಿ ನೋಡಿದ್ಯಾ?" ಎಂದಳು ಹೆಂಡತಿ ನೆರಿಡಾ. "ಕಾರಿನ ಕೀಲಿ ಅಲ್ಲೇ ತಾನೆ ಸಿಕ್ಕಿದ್ದು?"

"ಸಾಕು ಮಾರಾಯ್ತಿ, ಅದನ್ನೇ ಎಷ್ಟು ಸಲ ಹೇಳ್ತೀಯ!"

"ಗುರುವಾರ ಡಾಕ್ಟರ ಹತ್ರ ಹೋಗೋಣ ಬಾ. ನಂಗೆ ಭಯ ಆಗತ್ತೆ, ಮರ್ವ್."

"ನಂಗೇನಾಗಿದೆ? ಬರಲ್ಲ ಅಂದ್ರೆ ಬರಲ್ಲ!"

ಏನಾಗಿದೆಯೆಂದು ಅವನಿಗೂ ತಿಳಿಯುತ್ತಿರಲಿಲ್ಲ, ಹೆದರಿಕೆಯೇ ಅದು. ಡಾಕ್ಟರು ಮೊದಲು ಕಾರು ಬಿಡಿಸುತ್ತಾರೆ, ಆಮೇಲೆ ಮರ ಹತ್ತುವ ಏಣಿ. ಏಣಿಯೂ ಹೋದರೆ ಉಳಿಯುವುದೇನು, ಮಣ್ಣು? ಹಿಂದೊಂದು ಕಾಲದಲ್ಲಿ ಚಿನ್ನ ಅಗೆಯಲು ಬೆಂಡಿಗೋಗೆ ಬಂದ ಪುಣ್ಯಾತ್ಮರು ಹಳೇ ಮರಗಳನ್ನೆಲ್ಲ ಕಡಿದು ಒಲೆಗಿಟ್ಟಿದ್ದರು. ಈಗಿರುವ ಐರನ್‌ಬಾರ್ಕ್ ಮರಗಳಿಗೆ ಪೊಟರೆ ಬೀಳುವಷ್ಟು ವಯಸ್ಸಾಗಿಲ್ಲ. ಪೊಟರೆಯಿಲ್ಲದೆ ಟುವಾನ್ ಹಗಲೆಲ್ಲ ಎಲ್ಲಿ ಮಲಗಬೇಕು? ಹೊಟ್ಟೆಯ ಮಡಿಕೆಯಲ್ಲಿ ಮರಿ ಹೊರುವ, ಅಳಿಲಿಗಿಂತ ತುಸು ದೊಡ್ಡದಾದ, ಬಾಟಲಿ ತೊಳೆಯುವ ಬ್ರಷ್ಷಿನಂಥ ಬಾಲದ ಆ ಪ್ರಾಣಿಗೆಂದು ಮರ್ವಿನ್ ಮರಗಳಿಗೆ ಇಪ್ಪತ್ತೆರಡು ಗೂಡುಪೆಟ್ಟಿಗೆ ಕಟ್ಟಿದ್ದ. ಯಾವುದು ಯಾವ ಮರದಲ್ಲಿದೆಯೆಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ಕಟ್ಟಿದವರು ಮುಚ್ಚಳದ ಒಳಮೈಗೆ ಹೆಸರು, ತಾರೀಕು ಬರೆಯುವುದು ಇಂಥ ಪೆಟ್ಟಿಗೆ ಕಟ್ಟುವ ಊರಿನ ಸಂಘದ ಪದ್ಧತಿ.

ಆ ಮಧ್ಯಾಹ್ನ ಇಬ್ಬರೂ ಪೆಟ್ಟಿಗೆ ನೋಡಲು ಹೊರಟರು. ಕೋಳಿಗೂಡಿನ ಹಿಂದೆ ಮರ್ವಿನ್ ಗಕ್ಕನೆ ನಿಂತ. ಪೆಟ್ಟಿಗೆಯೇ ಇಲ್ಲದಿದ್ದ ಮರದಲ್ಲಿ ಇನ್ನೊಂದು ಪೆಟ್ಟಿಗೆ!

"ಯಾವನಪ್ಪಾ ಇದನ್ನ ಕಟ್ಟಿದ್ದು? ನನ್ನ ಜಾಗದಲ್ಲಿ, ನನ್ನನ್ನ ಕೇಳ್ದೆ?"

"ಸಂಘದ ಹುಡುಗರಿರಬೇಕು," ಎಂದು ನೆರಿಡಾ ಏಣಿ ಹಿಡಿದಳು.

ಮರ್ವಿನ್ ಹತ್ತಿ, ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ ಇಣುಕಿದ. ಕೋಳಿಪುಕ್ಕ, ತೊಗಟೆಯ ನಾರು, ನಡುವೆ ನೀಲಿ ಉಣ್ಣೆಯ ಚಿಂದಿ! ಕೈಗವಸಿನ ಹೆಬ್ಬೆರಳು! ಅದರ ಮೇಲೆ ಟುವಾನ್ ಬಾಲ ಹೊದ್ದು ಮಲಗಿತ್ತು.

"ನೆರಿಡಾ, ಕಳ್ಳಿ ಸಿಕ್ಕಿಬಿದ್ಳು! ನನ್ನ ಟೋಪಿ ಹಾಸ್ಕೊಂಡು ಮಲಗಿದಾಳೆ ಮಹಾರಾಣಿ! ನಂಗೆ ಮರೆವಂತೆ, ಮರೆವು! ಈಗ ಹೇಳು!"

ನೆರಿಡಾಗೆ ನಗುವೂ ಬಂತು, ಅಳುವೂ ಬಂತು. "ತಪ್ಪಾಯ್ತು ಮಾರಾಯ. ಗುರುವಾರ ಬರಲ್ಲ ಅಂತ ಫೋನ್ ಮಾಡ್ಬಿಡ್ತೀನಿ. ಇಳಿ."

ಅಬ್ಬಾ! ಮರ್ವಿನ್‌ನ ಎದೆಯ ಭಾರ ಇಳಿಯಿತು. ಹೇಳದೆ ಕೇಳದೆ ಪೆಟ್ಟಿಗೆ ಕಟ್ಟಿದವನಿಗೆ ಎರಡು ಮಾತು ಬೈಯಬೇಕಲ್ಲ, ಹೆಸರು ನೋಡೋಣವೆಂದು ಮುಚ್ಚಳವನ್ನು ಪೂರ್ತಿ ಎತ್ತಿದ.

'ಮರ್ವಿನ್. ಏಪ್ರಿಲ್ ಹನ್ನೆರಡು.'

ಅವನದೇ ಕೈಬರಹ. ಕಳೆದ ತಿಂಗಳದ್ದು. ಮರ ಹತ್ತಿದ್ದು, ಮೊಳೆ ಹೊಡೆದದ್ದು, ಊಹೂಂ, ಎಷ್ಟು ತಡಕಿದರೂ ಆ ದಿನ ಸಿಗಲಿಲ್ಲ. ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿ ಒಂದೊಂದೇ ಮೆಟ್ಟಿಲು ಇಳಿದ.

"ಯಾರ ಹೆಸರಿದೆ?" ಎಂದಳು ನೆರಿಡಾ.

"ಫೋನ್ ಮಾಡಬೇಡ," ಎಂದ ಮರ್ವಿನ್. "ಗುರುವಾರ ಎಷ್ಟು ಗಂಟೆಗೆ? ಕಾರು ನೀನೇ ಓಡಿಸು."