ಹೊಳೆಯುವುದೇನೂ ಇರಬಾರದು

"ಬಳೆ ತೆಗೀಬೇಕಮ್ಮ," ಎಂದರು ಪ್ರೊಫೆಸರ್ ಹೇಮಶ್ರೀ. "ಲೇಸರ್ ಹತ್ರ ಕೈ ಓಡಾಡುತ್ತೆ. ಹೊಳೆಯೋದೇನೇ ಇದ್ರೂ ಬೆಳಕು ಅದಕ್ಕೆ ತಾಗಿ ಇನ್ಯಾರದೋ ಕಣ್ಣಿಗೆ ಹೋಗುತ್ತೆ."

ಜಯಾ ಕೈ ನೋಡಿಕೊಂಡಳು. ಎರಡೂ ಮುಂಗೈ ತುಂಬ ಹಸಿರು ಗಾಜಿನ ಬಳೆ. ಮದುವೆಯ ಹಿಂದಿನ ದಿನ ಊರಿನ ಬಳೆಗಾರ ಅಂಗೈ ಹಿಂಡಿ ಹಿಂಡಿ ತೊಡಿಸಿದ್ದವು.

"ಬರೂದಿಲ್ರಿ ಮೇಡಂ, ಒಡೀಬೇಕಾಗ್ತದ." ಜಯಾ ಒಂದು ಬಳೆ ಎಳೆದು ತೋರಿಸಿದಳು. "ಮ್ಯಾಲೆ ಕರೀ ಟೇಪ್ ಸುತ್ಕೊಳ್ಳಲೇನ್ರಿ?"

"ಟೇಪ್ ಜಾರಿದ್ರೆ? ಕಣ್ಣಿನ ವಿಷ್ಯ, ನಾನು ಒಪ್ಪೋಕಾಗಲ್ಲ." ಮೇಡಂ ದನಿ ಮೆತ್ತಗಾಯಿತು. "ಪ್ರಾಕ್ಟಿಕಲ್ ಮಾಡದೆ ಸೀಟು ಕೊಡೋಕೂ ಆಗಲ್ಲಮ್ಮ."

ಬೆಂಗಳೂರಿನ ಬನಶಂಕರಿಯ ಆ ವಿಶ್ವವಿದ್ಯಾಲಯದ ಅನ್ವಯಿಕ ಭೌತಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ.ಗೆ ಇದ್ದುದು ಒಂದೇ ಜಾಗ. ಲಿಖಿತ ಪರೀಕ್ಷೆ ದಾಟಿದವರು ಅವಳು ಮತ್ತು ಜಯನಗರದ ಚಿರಂತ್.

"ನಾನ್ ಮೊದ್ಲು ಹೋಗ್ತೀನಿ ಮೇಡಂ," ಎಂದ ಅವನು, ವಾಚು ಬಿಚ್ಚುತ್ತ. "ಅಕ್ಕ, ನೀವು ನಿಧಾನಕ್ಕೆ ಬನ್ನಿ. ನಾನು ಲೇಸರ್ ಕನ್ನಡಿ ತಿರುಗಿಸೋಕೆ ನಿಂತ್ರೆ ಸಂಜೆ ಆಗೋದು ಗ್ಯಾರಂಟಿ."

ಹೊರಗೆ ಬೆಂಚಿನ ಮೇಲೆ ಅತ್ತೆ ಪಾರವ್ವ ಕೂತಿದ್ದಳು. ಮಗ ಸೊಸೆಯ ಹೊಸ ಸಂಸಾರ ನೋಡಲು ಬಾದಾಮಿ ಕಡೆಯಿಂದ ಬಂದವಳು. ಬಿಟಿಎಂನ ಬಾಡಿಗೆ ಮನೆಯಲ್ಲಿ ಒಬ್ಬಳೇ ಬೇಸರವೆಂದು ಜೊತೆಗೆ ಹೊರಟಿದ್ದಳು. ಗಂಡ ತೀರಿಹೋದಾಗಿನಿಂದ ಅವಳದು ಬರಿಗೈ. ಸೊಸೆಗೆ ಬಳೆ ಇಡಿಸುವಾಗ ಆ ಪಡಸಾಲೆಗೂ ಕಾಲಿಟ್ಟಿರಲಿಲ್ಲ. ಅಂಥವಳ ಎದುರು ಬಳೆ ಒಡೆಯುವುದೆಂದರೆ! ಜಯಾಳ ಗಂಡ ಗುರುಸಿದ್ದ ಈ ಹೊತ್ತಿಗೆ ಸಿಲ್ಕ್ ಬೋರ್ಡ್ ಸರ್ಕಲ್ಲಿನ ಲಾರಿಗಳ ನಡುವೆ ಬೈಕು ನುಗ್ಗಿಸುತ್ತಿರುತ್ತಾನೆ.

"ಅತ್ತೀ, ಮನೀಗೆ ಹೋಗೂಣು ನಡೀರಿ."

"ಯಾಕ? ಪರೀಕ್ಷಾ ಮುಗೀತೇನು?"

ಜಯಾ ಹೇಳಿದಳು. ಪಾರವ್ವ ಸೊಸೆಯ ಮುಂಗೈ ಹಿಡಿದು ಬಳೆಗಳನ್ನು ಒಮ್ಮೆ ಸರಿಸಿ ನೋಡಿದಳು. ಆಮೇಲೆ ಎದ್ದಳು.

"ಸಾಬೂನ ಎಲ್ಲಿ ಸಿಗತೈತಿ ಇಲ್ಲೆ?"

ಕೈ ತೊಳೆಯುವ ಕೋಣೆಯಲ್ಲಿ ಅವಳು ಸೊಸೆಯ ಕೈಗೆ ನೊರೆ ಹಚ್ಚಿದಳು. "ಐದೂ ಬಟ್ಟು ಕೂಡಸು. ಸಡಲ ಬಿಡು. ಹೆದರಿದ್ರ ಕೈ ಬಿಗೀತೈತಿ." ಬಳೆ ಒಂದೊಂದೇ ಗೆಣ್ಣು ದಾಟಿ ಜಾರತೊಡಗಿತು. ಇಡಲು ಒಣ ಜಾಗವಿರಲಿಲ್ಲ. "ಕೆಳಗಿಟ್ರ ಒಡೀತಾವು," ಎನ್ನುತ್ತ ಪಾರವ್ವ ಅವನ್ನು ತನ್ನ ಸಣಕಲು ಕೈಗೇ ಏರಿಸಿಕೊಂಡಳು. ಜಯಾ ಕಣ್ಣು ಬಿಟ್ಟು ನಿಂತಳು.

"ನನ್ನ ಮಾರಿ ಏನ್ ನೋಡ್ತಿ? ಕೈ ಹಿಡಿ ಸೀದಾ."

ಅಷ್ಟರಲ್ಲಿ ಒಂದು ಬಳೆ ಟಕ್ಕೆಂದಿತು. ಹಸಿರು ಚೂರು ಸಿಂಕಿಗೆ ಬಿತ್ತು.

ಜಯಾ ಒದ್ದೆ ಕೈಯಲ್ಲೇ ಗಂಡನಿಗೆ ಫೋನು ಮಾಡಿದಳು. ರಿಂಗಾಯಿತು. ಮತ್ತೆ ರಿಂಗಾಯಿತು.

"ಅತ್ತೀ, ಎತ್ತವಲ್ರು..."

ಪಾರವ್ವ ಸಿಂಕಿನ ಚೂರಿನತ್ತ ಒಮ್ಮೆ ನೋಡಿದಳು. ಹಿಡಿದ ಮುಂಗೈ ಮಾತ್ರ ಬಿಡಲಿಲ್ಲ. "ಗಾಡಿ ಮ್ಯಾಲಿದ್ದಾಗ ಎತ್ತಬ್ಯಾಡಂತ ನಾನ ಬೈದೀನಿ ಅವಗ. ಒಡದದ್ದು ಗಾಜು. ಆ ಫೋನ ನನ್ನ ಕಡೆ ಕೊಡು, ಈ ಕೈ ತಾ."

ಲ್ಯಾಬಿನ ಬಾಗಿಲು ತೆರೆದು ಚಿರಂತ್ ಹೊರಬಂದ. "ಈಗ ನೀವು, ಅಕ್ಕ. ಕನ್ನಡಿಯ ಎಡಗಡೆ ತಿರುಪು ಸ್ವಲ್ಪ ಬಿಗಿ ಇದೆ, ಹುಷಾರು."

ಬಾಗಿಲು ಮುಚ್ಚುವ ಮುನ್ನ ಜಯಾ ತಿರುಗಿ ನೋಡಿದಳು. ಸ್ಟೀಲಿನ ಬೆಂಚಿಗೆ ಗಾಜು ತಾಗದಂತೆ ಪಾರವ್ವ ಎರಡೂ ಕೈ ಎತ್ತಿ ಹಿಡಿದು ಕೂತಿದ್ದಳು, ಹಸಿ ಮೆಹಂದಿ ಹಚ್ಚಿಕೊಂಡವರ ಹಾಗೆ. ದೃಷ್ಟಿ ಮಡಿಲಲ್ಲಿದ್ದ ಫೋನಿನ ಮೇಲೆಯೇ ಇತ್ತು.